ಎಲೆ ಉದುರಿದ ಕಾಲದಲ್ಲಿ ಸಂಡೂರಿನ ಗುಡ್ಡ

ಸೋಮವಾರ

ಹೊಸಪೇಟೆ ಬಿಟ್ಟು ಸಂಡೂರಿನ ಕಡೆ ಹೊರಟರೆ ಬೆಟ್ಟ ಹತ್ತಿರವಾಗುವ ಮೊದಲೇ ರಸ್ತೆಬದಿಯ ಬಣ್ಣ ಬದಲಾಗುತ್ತದೆ. ಬೇವು, ಹುಣಸೆ, ಮೈಲಿಗಲ್ಲು, ಅಂಗಡಿಯ ತಗಡು, ಎಲ್ಲದರ ಮೇಲೂ ಅದೇ ಕೆಂಪು. ಫೆಬ್ರುವರಿಯ ಕೊನೆ, ಬಿಸಿಲು ಆಗಲೇ ಜೋರಾಗಿತ್ತು, ಗುಡ್ಡಗಳ ಮರಗಳೆಲ್ಲ ಎಲೆ ಉದುರಿಸಿ ನಿಂತಿದ್ದವು.

ತಾಲ್ಲೂಕಿನ ಗುಡ್ಡವೊಂದರ ಮೇಲೆ ಕಬ್ಬಿಣದ ಅದಿರಿನ ಹೊಸ ಗಣಿಯ ಪ್ರಸ್ತಾವವಿದೆ. ಪ್ರಕ್ರಿಯೆ ಇನ್ನೂ ನಡೆಯುತ್ತಿರುವುದರಿಂದ ಗುಡ್ಡದ ಹೆಸರು, ಊರಿನ ಹೆಸರು ಇಲ್ಲಿ ಬೇಡ. ಗಣಿ ಬಂದರೆ ಏನಾದೀತು ಎಂದು ಹೇಳಬೇಕಾದರೆ ಈಗ ಅಲ್ಲಿ ಏನಿದೆ ಎಂಬುದು ಮೊದಲು ದಾಖಲಾಗಬೇಕು. ಆ ದಾಖಲೆಗೆ ಎಲ್ಲೆಲ್ಲಿ ಮಣ್ಣು ತೆಗೆಯಬೇಕು, ಎಲ್ಲಿ ನೀರು ಹಿಡಿಯಬೇಕು, ಗಾಳಿ ಅಳೆಯುವ ಯಂತ್ರ ಎಲ್ಲಿಡಬೇಕು ಎಂದು ಜಾಗ ನೋಡಿ ಬರುವುದು ನಮ್ಮ ಕೆಲಸ. ಮಣ್ಣು ಮತ್ತು ಭೂಬಳಕೆ ನನ್ನ ಪಾಲು. ಜತೆಗೆ ಒಬ್ಬರು ಹಿರಿಯ ಸಸ್ಯತಜ್ಞರು, ಅಂತರ್ಜಲದ ಕೆಲಸ ಮಾಡುವ ಭೂವಿಜ್ಞಾನಿ ಗೆಳೆಯ.

ಸಂಡೂರಿನ ಕಣಿವೆಯನ್ನು ನಕ್ಷೆಯಲ್ಲಿ ನೋಡಿದರೆ ಅದರ ಚೆಲುವು ತಕ್ಷಣ ತಿಳಿಯುತ್ತದೆ. ಎರಡು ಬೆಟ್ಟಸಾಲುಗಳ ನಡುವೆ ಉದ್ದಕ್ಕೆ ಮಲಗಿದ ಬಯಲು. ನಾರಿಹಳ್ಳ ಒಂದು ಕಡೆ ಓಬಳಗಂಡಿಯಲ್ಲಿ ಬೆಟ್ಟ ಸೀಳಿಕೊಂಡು ಒಳಬಂದು, ಇನ್ನೊಂದು ಕಡೆ ಭೀಮಗಂಡಿಯಲ್ಲಿ ಸೀಳಿಕೊಂಡು ಹೊರಹೋಗುತ್ತದೆ. ಮುಂದೆ ಅದು ಸೇರುವುದು ತುಂಗಭದ್ರೆಯನ್ನು. ಬೆಟ್ಟಗಳ ನೆತ್ತಿಯಲ್ಲಿ ಕಬ್ಬಿಣ ಮತ್ತು ಸಿಲಿಕಾದ ಪದರಗಳು ಒಂದರ ಮೇಲೊಂದು ಕೂತ ಪಟ್ಟೆಶಿಲೆ. ಧಾರವಾಡ ಶಿಲಾಸಮೂಹಕ್ಕೆ ಸೇರಿದ ಇದರ ವಯಸ್ಸು ಇನ್ನೂರೈವತ್ತು ಕೋಟಿ ವರ್ಷಕ್ಕೂ ಹೆಚ್ಚು.

ರಾತ್ರಿ ಲಾಡ್ಜಿನ ಮಂಚದ ಮೇಲೆ ಸರ್ವೆ ಆಫ್ ಇಂಡಿಯಾದ ನಕ್ಷೆ ಹರಡಿ, ಗುತ್ತಿಗೆ ಪ್ರದೇಶದ ಸುತ್ತ 10 ಕಿಲೋಮೀಟರಿನ ಗೆರೆ ಎಳೆದೆವು. ಗುತ್ತಿಗೆಯ ಒಳಗಿನದು ಕೋರ್ ವಲಯ, ಗೆರೆಯವರೆಗಿನದು ಬಫರ್ ವಲಯ. ಬೇರೆ ಜಿಲ್ಲೆಯಾಗಿದ್ದರೆ ಆ ವೃತ್ತದೊಳಗೆ ಊರು, ಹೊಲ, ಕೆರೆ ಸಿಗುತ್ತಿದ್ದವು. ಇಲ್ಲಿ ಅವುಗಳ ಜತೆಗೆ ಗಣಿಗಳೇ ಗಣಿಗಳು: ನಡೆಯುತ್ತಿರುವವು, ನಿಂತವು, ಹರಾಜಾದವು. 2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ನಿಲ್ಲಿಸಿತು. 2013ರ ಏಪ್ರಿಲ್ 18ರ ತೀರ್ಪಿನಲ್ಲಿ ಗಣಿಗಳನ್ನು ಎ, ಬಿ, ಸಿ ಎಂದು ವಿಂಗಡಿಸಿ, ಅಕ್ರಮ ಅತಿ ಹೆಚ್ಚಿದ್ದ ‘ಸಿ’ ವರ್ಗದ ಗುತ್ತಿಗೆಗಳನ್ನು ರದ್ದುಪಡಿಸಿತು. ಉಳಿದವು ಪುನಶ್ಚೇತನದ ಯೋಜನೆ ಜಾರಿಗೆ ತಂದ ಮೇಲೆ, ಜಿಲ್ಲೆಗೆ ಇಷ್ಟೇ ಅದಿರು ಎಂಬ ಮಿತಿಯೊಳಗೆ ಮತ್ತೆ ತೆರೆದವು. ಹೀಗಿರುವಲ್ಲಿ ಹೊಸ ಗಣಿಯೊಂದರ ಧೂಳನ್ನು, ಹೂಳನ್ನು ಅದೊಂದೇ ಇದೆ ಎಂಬಂತೆ ಲೆಕ್ಕ ಹಾಕುವುದು ಸರಿಯಲ್ಲ ಎಂಬುದು ನನ್ನ ಅಭಿಪ್ರಾಯ. ಅದನ್ನು ನಕ್ಷೆಯ ಮೂಲೆಯಲ್ಲೇ ಬರೆದಿಟ್ಟೆ.

ಮಂಗಳವಾರ

ಬೆಳಿಗ್ಗೆ ಪೂರ್ತಿ ಕಾಗದದಲ್ಲಿ ಕಳೆಯಿತು. ಗ್ರಾಮನಕ್ಷೆ, ಪ್ರತಿ ಸರ್ವೆ ನಂಬರಿನ ವಿಸ್ತೀರ್ಣ, ಕಂದಾಯ ಬರೆದಿಡುವ ಆಕಾರಬಂದ್, ಪಹಣಿ. ಭೂಬಳಕೆ ಎಂದರೆ ಉಪಗ್ರಹದ ಚಿತ್ರಕ್ಕೆ ಬಣ್ಣ ತುಂಬುವುದು ಎಂದು ತಿಳಿದವರಿಗೆ ಪಹಣಿ ಓದಿಸಬೇಕು. ಮೂರನೆಯ ಕಾಲಮಿನಲ್ಲಿ ವಿಸ್ತೀರ್ಣ, ಅದರಲ್ಲಿ ಅ ಖರಾಬು ಎಷ್ಟು, ಬ ಖರಾಬು ಎಷ್ಟು. ಅ ಖರಾಬು ಎಂದರೆ ಸಾಗುವಳಿಗೆ ಬಾರದ ನೆಲ, ಬ ಖರಾಬು ಎಂದರೆ ಹಳ್ಳ, ದಾರಿ, ಸ್ಮಶಾನದಂಥ ಸಾರ್ವಜನಿಕ ಜಾಗ. ಒಂಬತ್ತರಲ್ಲಿ ಹಕ್ಕುದಾರರು, ಹನ್ನೆರಡರಲ್ಲಿ ಸಾಗುವಳಿ. ಗುಡ್ಡದ ಬುಡದ ಸರ್ವೆ ನಂಬರುಗಳಲ್ಲಿ ಒಂಬತ್ತನೆಯ ಕಾಲಮು ‘ಸರ್ಕಾರಿ ಗೋಮಾಳ’ ಎನ್ನುತ್ತಿತ್ತು, ಹನ್ನೆರಡನೆಯದು ಖಾಲಿ.

ಮಧ್ಯಾಹ್ನ ಊರಿನ ತಳವಾರರನ್ನು ಕರೆದುಕೊಂಡು ಅದೇ ನಂಬರುಗಳಿಗೆ ಹೋದೆವು. ಖಾಲಿ ಇರಲಿಲ್ಲ. ಕಿತ್ತ ಮೆಕ್ಕೆಜೋಳದ ಕೂಳೆ ಹೊಲದ ತುಂಬ ನಿಂತಿತ್ತು. ಬದುವಿಗೆ ಕಲ್ಲು ಕಟ್ಟಿದ್ದರು, ಮೂಲೆಯಲ್ಲಿ ತೊಗರಿ ಕಟ್ಟಿಗೆಯ ಹೊರೆ. ಬಗರ್ ಹುಕುಂ, ಅಂದರೆ ಮಂಜೂರಾತಿ ಇಲ್ಲದೆ ಸರ್ಕಾರಿ ಜಮೀನಿನಲ್ಲಿ ಮಾಡುವ ಸಾಗುವಳಿ. ಹಿಂದೆ ನಮೂನೆ 50, 53, ಆಮೇಲೆ 57ರಲ್ಲಿ ಸಕ್ರಮಕ್ಕೆ ಅರ್ಜಿ ಕೊಟ್ಟು ವರ್ಷಗಳಿಂದ ಕಾಯುತ್ತಿರುವವರ ಹೊಲಗಳು. ‘ಇದು ಯಾರ ಹೊಲ?’ ಎಂದು ಕೇಳಿದ್ದಕ್ಕೆ ತಳವಾರರು ಒಂದೊಂದನ್ನೂ ತೋರಿಸಿ ಹೇಳುತ್ತ ಹೋದರು. ಅವರ ತಲೆಯಲ್ಲಿದ್ದ ನಕ್ಷೆ ಕಚೇರಿಯ ನಕ್ಷೆಗಿಂತ ಪೂರ್ಣವಾಗಿತ್ತು. ಇಂಥ ಹೊಲಗಳನ್ನು ವರದಿಯಲ್ಲಿ ಪ್ರತ್ಯೇಕವಾಗಿ ಗುರುತಿಸದಿದ್ದರೆ ನಾಳೆ ಪರಿಹಾರದ ಪಟ್ಟಿಯಲ್ಲಿ ಈ ಕುಟುಂಬಗಳು ಇರುವುದೇ ಇಲ್ಲ.

ಬುಧವಾರ

ಗುಡ್ಡ ಹತ್ತಿದ ದಿನ. ಆರು ಗಂಟೆಗೆ ಹೊರಟರೂ ನೆತ್ತಿ ತಲುಪುವಾಗ ಬಿಸಿಲು ಏರಿತ್ತು. ಕಾಲಡಿಯ ಕಲ್ಲು ಸಾಮಾನ್ಯದ ಕಲ್ಲಲ್ಲ. ಒಂದನ್ನೊಂದು ತಾಗಿದರೆ ಲೋಹದ ಸದ್ದು. ಕೈಗೆ ಸಿಕ್ಕ ತುಂಡೊಂದನ್ನು ಭೂವಿಜ್ಞಾನಿ ಒಡೆದು ತೋರಿಸಿದರು: ಉಕ್ಕಿನ ಬೂದು ಬಣ್ಣದ ಹೆಮಟೈಟ್, ಅದರ ಕೆಳಗೆ ಇಟ್ಟಿಗೆಗೆಂಪು ಜಾಸ್ಪರ್, ಮತ್ತೆ ಬೂದು. ಅಂಗೈಯಗಲದ ಕಲ್ಲಿನಲ್ಲಿ ಎಣಿಸಲಾರದಷ್ಟು ಗೆರೆಗಳು.

ಸಸ್ಯತಜ್ಞರು ಇಳಿಜಾರಿನಲ್ಲಿ ಹತ್ತು ಮೀಟರು ಉದ್ದ, ಹತ್ತು ಮೀಟರು ಅಗಲಕ್ಕೆ ಹಗ್ಗ ಕಟ್ಟಿ ಚೌಕ ಮಾಡಿದರು. ಅದರೊಳಗೆ ದಿಂಡಿಗ, ಕಗ್ಗಲಿ, ಒಂದು ಮುತ್ತುಗ, ಬಂದರಿಕೆಯ ಪೊದೆಗಳು. ಮುತ್ತುಗ ಮಾತ್ರ ಹೂ ಬಿಟ್ಟಿತ್ತು. ಎದೆಯೆತ್ತರದಲ್ಲಿ ಟೇಪು ಸುತ್ತಿ ಮರದ ಸುತ್ತಳತೆ ಬರೆಯುವುದು ರೂಢಿ. ಆದರೆ ಇಲ್ಲಿನ ದಿಂಡಿಗಗಳಿಗೆ ಒಂದೇ ಕಾಂಡವಿಲ್ಲ. ಹಿಂದೆ ಸೌದೆಗೆ ಕಡಿದ ಬುಡದಿಂದ ನಾಲ್ಕೈದು ಕವಲು ಎದ್ದಿವೆ. ಪ್ರತಿ ಕವಲೂ ಸಣಕಲು, ಬುಡ ಮಾತ್ರ ಎರಡು ಕೈಯಲ್ಲಿ ಅಪ್ಪಿದರೂ ಸಿಗದಷ್ಟು ದಪ್ಪ. ತೆಳು ಕವಲನ್ನು ನೋಡಿ ಎಳೆಯ ಗಿಡ ಎಂದು ಬರೆದರೆ ಬಹಳ ಹಳೆಯ ಬೇರೊಂದು ಲೆಕ್ಕದಿಂದ ಬಿದ್ದುಹೋಗುತ್ತದೆ. ಬುಡ ಬೇರೆ, ಕವಲು ಬೇರೆ ಎಂದು ಎರಡು ಕಾಲಮು ಮಾಡಿಸಿದರು. ಇದೇ ತಾಲ್ಲೂಕಿನ ದೇವದಾರಿ ಗಣಿ ಯೋಜನೆಗೆ ಸುಮಾರು 99 ಸಾವಿರ ಮರ ಹೋಗಲಿವೆ ಎಂಬ ಸುದ್ದಿ 2024ರಲ್ಲಿ ರಾಜ್ಯವನ್ನೆಲ್ಲ ಕಲಕಿತ್ತು. ಮರಗಳ ಸಂಖ್ಯೆ ದೊಡ್ಡದಾಗಿ ಕೇಳಿಸುತ್ತದೆ, ಕೇಳಿಸಲೂ ಬೇಕು. ಆದರೆ ಇಂಥ ಕುರುಚಲು ಕಾಡಿನ ನಿಜವಾದ ಸಂಪತ್ತು ಹುಲ್ಲು, ಗಡ್ಡೆ, ಮಳೆ ಬಿದ್ದಾಗ ಮಾತ್ರ ಏಳುವ ಸಣ್ಣ ಗಿಡಗಳಲ್ಲಿದೆ. ಫೆಬ್ರುವರಿಯಲ್ಲಿ ಅವೆಲ್ಲ ಮಣ್ಣಿನೊಳಗೆ.

ಬಂಡೆಗಳ ಸಂದಿನಲ್ಲಿ ಹಳದಿ ಕೊರಳಿನ ಪಿಕಳಾರದ ಜೋಡಿ ಕಂಡಿತು. ದಕ್ಷಿಣ ಭಾರತದ ಕಲ್ಲುಗುಡ್ಡಗಳಲ್ಲಿ ಮಾತ್ರ ಬದುಕುವ, ಅಳಿವಿನ ಅಂಚಿಗೆ ಸರಿಯುತ್ತಿರುವ ಹಕ್ಕಿ. ಇನ್ನೂ ಸ್ವಲ್ಪ ಮೇಲೆ ಕರಡಿಯ ಲದ್ದಿ. ಕಡ್ಡಿಯಿಂದ ಬಿಡಿಸಿದರೆ ತುಂಬ ಬಾರೆಹಣ್ಣಿನ ಬೀಜ, ನಡುನಡುವೆ ಗೆದ್ದಲಿನ ತಲೆಗಳು. ಕರಡಿಧಾಮ ಇರುವುದು ದರೋಜಿಯಲ್ಲಿ, 1994ರಲ್ಲಿ ಘೋಷಣೆಯಾದದ್ದು. ಕರಡಿಗಳು ಅದರ ಗಡಿಯೊಳಗೇ ಇರಬೇಕೆಂದೇನಿಲ್ಲ. ಜಾಗದ ಅಕ್ಷಾಂಶ, ರೇಖಾಂಶ ಬರೆದುಕೊಂಡು ಫೋಟೊ ತೆಗೆದೆವು.

ಇಳಿಯುವಾಗ ನೆರಳಿನಲ್ಲಿ ಕೂತಿದ್ದ ಕುರಿಗಾಹಿ ತಾತನೊಬ್ಬ ಸಿಕ್ಕ. ಜತೆಗೆ ಎರಡೇ ಆಡು, ಒಂದು ನಾಯಿ. ಕುರಿ ಎಲ್ಲಿ ಎಂದು ಕೇಳಿದೆ.

‘ಎರಿ ಸೀಮಿಗೆ ಹೋಗ್ಯಾವು ಅಕ್ಕಾರ. ಹುಡುಗ್ರು ಹೊಡ್ಕಂಡು ಹೋಗ್ಯಾರ. ಕೂಳಿ ಹೊಲದಾಗ ರಾತ್ರಿ ಕುರಿ ನಿಲ್ಲಿಸಿದ್ರ ರೈತ್ರು ಕಾಳು ಕೊಡ್ತಾರ, ರೊಕ್ಕನೂ ಕೊಡ್ತಾರ.’

‘ಹಂಗಾದ್ರೆ ಈ ಗುಡ್ಡಕ್ಕೆ ಕುರಿ ಬರೋದಿಲ್ವಾ ತಾತ?’

‘ಈಗ ಬಂದು ನೋಡಿದ್ರ ಏನ್ ಕಾಣ್ತೈತಿ? ಮುಂಗಾರಿ ಬಿದ್ದ ಮ್ಯಾಲ ಬರ್ರಿ. ಕೆಳಗ ಎಲ್ಲಾ ಹೊಲದಾಗೂ ಪೈರು ಇರ್ತಾವು, ಒಂದು ಕುರಿ ಕಾಲಿಡಂಗಿಲ್ಲ. ಆವಾಗ ಸುತ್ತಲ ಊರಿನ ಕುರಿಯೆಲ್ಲ ಇಲ್ಲೇ. ಬನ್ನಿ ಹಬ್ಬ ಮುಗಿದು ಬೆಳಿ ಕೊಯ್ಯಾತನಕ ಈ ಗುಡ್ಡನ ನಮಗ ಹೊಲ.’

ಈ ಪ್ರವಾಸದಲ್ಲಿ ಇದಕ್ಕಿಂತ ಮುಖ್ಯವಾದದ್ದನ್ನು ನಾನು ಕೇಳಲಿಲ್ಲ. ಮೋಡವಿಲ್ಲದ ಉಪಗ್ರಹ ಚಿತ್ರ ಬೇಕೆಂದರೆ ಸಿಗುವುದು ಬೇಸಿಗೆಯದು. ಆ ಚಿತ್ರದಲ್ಲಿ ಎಲೆ ಉದುರಿಸಿದ ಕಾಡು ಕುರುಚಲು ಇರುವ ಪಾಳುಭೂಮಿಯ ವರ್ಗಕ್ಕೆ ಬೀಳುತ್ತದೆ. ಸ್ಥಳದ ಅಧ್ಯಯನವೂ ರೂಢಿಯಂತೆ ಮಳೆಗಾಲ ಬಿಟ್ಟು ಒಂದು ಋತುವಿನದು. ಬೇಸಿಗೆಯಲ್ಲಿ ಹೋದ ಅಧ್ಯಯನಕಾರರಿಗೆ ಗುಡ್ಡದಲ್ಲಿ ಒಂದು ಕುರಿಯೂ ಕಾಣುವುದಿಲ್ಲ, ಏಕೆಂದರೆ ಆಗ ಕುರಿಗಳೆಲ್ಲ ಹೊಲದಲ್ಲಿರುತ್ತವೆ. ಚಿತ್ರ, ಸರ್ವೆ ಎರಡೂ ಒಂದೇ ಮಾತು ಹೇಳಿ ಒಂದಕ್ಕೊಂದು ಸಾಕ್ಷಿ ನಿಲ್ಲುತ್ತವೆ: ಇಲ್ಲಿ ಬಳಕೆ ಇಲ್ಲ. ಹೊಲದ ಬೇಸಾಯ ನಡೆಯಬೇಕಾದರೆ ಬೆಳೆಯ ಕಾಲದಲ್ಲಿ ಕುರಿಗಳನ್ನು ಹೊರಗಿಡಲು ಗುಡ್ಡ ಬೇಕು. ಹೊಲಕ್ಕೆ ಗೊಬ್ಬರ ಬೀಳಬೇಕಾದರೆ ಬೇಸಿಗೆಯಲ್ಲಿ ಕುರಿ ಬೇಕು. ಗುಡ್ಡ ಹೋದರೆ ಕುರಿ ಹೋಗುತ್ತದೆ, ಅದರ ಪೆಟ್ಟು ಗಣಿಯಿಂದ ದೂರವಿರುವ ಎರೆಹೊಲದ ರೈತನಿಗೂ ತಟ್ಟುತ್ತದೆ. ಇದನ್ನು ತೋರಿಸುವ ಒಂದೇ ಒಂದು ಕಾಲಮು ನಮ್ಮ ನಮೂನೆಯಲ್ಲಿ ಇರಲಿಲ್ಲ. ತಾತನನ್ನೇ ಕೇಳಿ ತಿಂಗಳುವಾರು ಮೇವಿನ ಕ್ಯಾಲೆಂಡರ್ ಮಾಡಿಕೊಂಡೆ: ಯಾವ ಮಳೆಗೆ ಯಾವ ಇಳಿಜಾರು, ನೀರಿಗೆ ಎಲ್ಲಿಗೆ ಹೋಗುತ್ತಾರೆ, ಯಾವ ಯಾವ ಊರಿನ ಹಿಂಡು ಬರುತ್ತದೆ. ಅವನು ಮಳೆಯ ನಕ್ಷತ್ರಗಳ ಹೆಸರಿನಲ್ಲೇ ಹೇಳಿದ, ರೋಹಿಣಿಯಿಂದ ಸ್ವಾತಿಯವರೆಗೆ. ನಾನೂ ಹಾಗೆಯೇ ಬರೆದುಕೊಂಡೆ.

ಗುರುವಾರ

ನೀರಿನ ದಿನ. ಗುಡ್ಡದ ಬುಡದಲ್ಲಿ, ಪ್ರಸ್ತಾವಿತ ಗಡಿಯಿಂದ ಆಚೆಗೆ, ಕಲ್ಲಿನ ಸಂದಿಯಿಂದ ಒರತೆಯೊಂದು ಬರುತ್ತದೆ. ಸಂಡೂರಿನ ಬೆಟ್ಟಗಳಲ್ಲಿ ಇಂಥವು ಅಪರೂಪವಲ್ಲ. ಹರಿಶಂಕರದ ತೀರ್ಥ ಎಲ್ಲರಿಗೂ ಗೊತ್ತು. ಈ ಒರತೆಗೆ ಹೆಸರೂ ಇಲ್ಲ, ಸರ್ಕಾರದ ಯಾವ ಪಟ್ಟಿಯಲ್ಲೂ ನಮಗೆ ಸಿಗಲಿಲ್ಲ. ಕೊಡ ಹೊತ್ತು ಬಂದ ಹೆಂಗಸರು ಇದು ಬತ್ತಿದ್ದನ್ನು ತಾವು ನೋಡಿಲ್ಲ ಎಂದರು. ‘ಬ್ಯಾಸಿಗ್ಯಾಗ ಸಣ್ಣಗ ಬರ್ತೈತಿ, ಅಷ್ಟ.’

ಒರತೆಯ ನೀರು ಅಳೆಯುವುದಕ್ಕೆ ದೊಡ್ಡ ಯಂತ್ರ ಬೇಡ. ಅಳತೆ ಗೊತ್ತಿರುವ ಬಕೆಟ್ಟು, ಒಂದು ಗಡಿಯಾರ ಸಾಕು. ಕಲ್ಲಿನ ಬಾಯಿಗೆ ಬಾಳೆಪಟ್ಟೆ ಸಿಕ್ಕಿಸಿ ನೀರನ್ನು ಒಂದೇ ಧಾರೆಯಾಗಿ ತಿರುಗಿಸಿ, ಬಕೆಟ್ಟು ತುಂಬಲು ಎಷ್ಟು ಸೆಕೆಂಡು ಎಂದು ಮೂರು ಸಲ ನೋಡಿ ಸರಾಸರಿ ತೆಗೆದೆವು. ನೀರಿನಲ್ಲಿ ಕರಗಿದ ಲವಣದ ಅಂದಾಜಿಗೆ ವಿದ್ಯುತ್ ವಾಹಕತೆ ನೋಡುವ ಪೆನ್ನು ಅದ್ದಿದೆವು. ಪ್ರಯೋಗಾಲಯಕ್ಕೆ ಎರಡು ಬಾಟಲಿ, ಅದರಲ್ಲಿ ಲೋಹಗಳ ಪರೀಕ್ಷೆಯದಕ್ಕೆ ಒಂದೆರಡು ಹನಿ ನೈಟ್ರಿಕ್ ಆಮ್ಲ. ಹೊಂಡದ ತಳದಲ್ಲಿ ಏಡಿಗಳಿದ್ದವು.

ಈ ನೀರು ಎಲ್ಲಿಂದ ಬರುತ್ತದೆ? ಭೂವಿಜ್ಞಾನಿ ಬೆಟ್ಟದ ನೆತ್ತಿಯತ್ತ ಕೈ ಮಾಡಿದರು. ಸಿಲಿಕಾ ಕೊಚ್ಚಿಹೋಗಿ ಕಬ್ಬಿಣವಷ್ಟೇ ಉಳಿದ ಅದಿರು ಗಟ್ಟಿ ಕಲ್ಲಲ್ಲ, ಅದರ ತುಂಬ ರಂಧ್ರ, ಬಿರುಕು. ಮಳೆ ಅದರೊಳಗೆ ಇಳಿದು, ಕೆಳಗಿನ ಬಿಗಿ ಪದರಕ್ಕೆ ತಡೆದು, ನಿಧಾನಕ್ಕೆ ಪಕ್ಕಕ್ಕೆ ಹರಿದು ಬುಡದಲ್ಲಿ ಹೊರಬರುತ್ತದೆ. ಕಂಪನಿಗೆ ಬೇಕಾದ ಅದಿರು, ಊರಿಗೆ ನೀರು ಹಿಡಿದಿಡುವ ಬೆಟ್ಟ, ಎರಡೂ ಒಂದೇ ಕಲ್ಲು. ಗಣಿಯ ಗುಂಡಿ ಅಂತರ್ಜಲದ ಮಟ್ಟಕ್ಕಿಂತ ಮೇಲೆಯೇ ನಿಲ್ಲುತ್ತದೆ, ಆದ್ದರಿಂದ ನೀರಿಗೆ ತೊಂದರೆಯಿಲ್ಲ ಎಂಬ ವಾದ ವರದಿಗಳಲ್ಲಿ ಸಾಮಾನ್ಯ. ನೆತ್ತಿಯೇ ಹೋದರೆ ಮಳೆ ಇಂಗುವುದು ಎಲ್ಲಿ ಎಂಬುದಕ್ಕೆ ಆ ವಾದದಲ್ಲಿ ಉತ್ತರವಿಲ್ಲ.

ಬೇಸಿಗೆಯ ಅಧ್ಯಯನದ ಬಗ್ಗೆ ನಿನ್ನೆ ಅಷ್ಟು ಬೇಸರಪಟ್ಟೆನಲ್ಲ, ಒರತೆಗೆ ಮಾತ್ರ ಬೇಸಿಗೆಯೇ ಸರಿಯಾದ ಕಾಲ. ಮಳೆಯ ನೀರು ಬೆರೆಯದೆ ಬೆಟ್ಟದ ಸ್ವಂತ ನೀರು ಎಷ್ಟು ಎಂದು ತಿಳಿಯುವುದು ಏಪ್ರಿಲ್, ಮೇ ತಿಂಗಳಲ್ಲಿ. ಹಳ್ಳಕ್ಕೆ ಮಳೆಗಾಲ ಬೇಕು, ಒರತೆಗೆ ಬೇಸಿಗೆ ಬೇಕು, ಕುರಿಗೆ ಮುಂಗಾರು ಬೇಕು. ಒಂದೇ ಋತು ಇವೆಲ್ಲಕ್ಕೂ ಸಾಲದು. ಇದರ ಹಿಂದೆ ಕಾನೂನಿನ ಕಠಿಣವಾದ ಸಂಗತಿಯೊಂದಿದೆ. ಮೊದಲ ದಾಖಲೆಯಲ್ಲಿ ಇಲ್ಲದ ಒರತೆ ಮುಂದೆ ಬತ್ತಿಹೋದರೆ, ಬತ್ತಿತು ಎಂದು ಸಾಬೀತು ಮಾಡಲು ಊರಿನವರ ಕೈಯಲ್ಲಿ ಏನೂ ಇರುವುದಿಲ್ಲ.

ಸಂಜೆ ಹಳೆಯ ಗಣಿಯೊಂದರ ಕೆಳಗಿನ ಹೊಲಕ್ಕೆ ಹೋದೆವು. ಮೇಲೆ ತ್ಯಾಜ್ಯ ಮಣ್ಣಿನ ರಾಶಿ. ಈಗ ಅದಕ್ಕೆ ಮೆಟ್ಟಿಲು ಮಾಡಿ, ತೆಂಗಿನ ನಾರಿನ ಜಾಳಿಗೆ ಹೊದಿಸಿ, ಬುಡಕ್ಕೆ ಕಲ್ಲಿನ ಗೋಡೆ ಕಟ್ಟಿದ್ದಾರೆ. ಹುಲ್ಲು ಹಿಡಿದಿದೆ. ಒಳ್ಳೆಯ ಕೆಲಸ ಎಂದೇ ಹೇಳುತ್ತೇನೆ. ಆದರೆ ಗೋಡೆ ಬರುವ ಮೊದಲಿನ ಮಳೆಗಳಲ್ಲಿ ಇಳಿದ ಹೂಳು ಹೊಲದಲ್ಲೇ ಇದೆ. ಮೊಣಕಾಲುದ್ದ ಗುಂಡಿ ತೋಡಿ ಗೋಡೆಯನ್ನು ಚಾಕುವಿನಿಂದ ಕೆರೆದೆ. ಮೇಲಿನ ಒಂದು ಗೇಣು ಕುಂಕುಮದಷ್ಟು ನಯ; ಕಲ್ಲಿಲ್ಲ, ಬೇರಿಲ್ಲ, ಎರೆಹುಳುವಿನ ತೂತಿಲ್ಲ. ಅದರ ಕೆಳಗೆ ಕತ್ತರಿಸಿಟ್ಟಂತೆ ಗೆರೆ, ಗೆರೆಯ ಕೆಳಗೆ ಹಳೆಯ ಮಸಾರಿ, ಬೆಣಚುಕಲ್ಲಿನ ಚೂರುಗಳ ಸಹಿತ. ಮೇಲಿನ ಪದರದ ಮೇಲೆ ಒಂದು ಲೋಟ ನೀರು ಸುರಿದೆ. ಇಂಗಲಿಲ್ಲ, ಹರಡಿಕೊಂಡು ನಿಂತಿತು. ಹೊಲದ ಯಜಮಾನರು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ನೋಡುತ್ತಿದ್ದರು. ‘ಬಿತ್ತಿದ ಮ್ಯಾಲ ಮಳಿ ಬಂದು ಬಿಸಿಲು ಬಿತ್ತಂದ್ರ ಮ್ಯಾಲ ಹಕ್ಕಳಿ ಕಟ್ತೈತ್ರಿ, ಮೊಳಕಿ ಮ್ಯಾಲ ಏಳಲ್ಲ’ ಎಂದರು. ಹೊಸ ಗಣಿಯ ಕೆಳಗಿನ ಹೊಲಗಳಲ್ಲಿ ಇವತ್ತೇ ಇಂಥ ಗುಂಡಿ ತೋಡಿ, ಪದರಗಳ ಫೋಟೊ ತೆಗೆದು, ಮಣ್ಣಿನ ಮಾದರಿ ತೆಗೆದಿಡಬೇಕು ಎಂದು ನಿರ್ಧರಿಸಿದ್ದು ಅಲ್ಲೇ.

ಶುಕ್ರವಾರ

ಗಾಳಿ ಅಳೆಯುವ ಯಂತ್ರಗಳಿಗೆ ಜಾಗ ಹುಡುಕಿದೆವು. ನೆಲದಿಂದ ಮೂರು ಮೀಟರಾದರೂ ಎತ್ತರ, ಸುತ್ತ ಮರವಿಲ್ಲದ ಚಾವಣಿ, ಇಪ್ಪತ್ನಾಲ್ಕು ಗಂಟೆ ಕರೆಂಟು. ಮೂರೂ ಒಟ್ಟಿಗೆ ಸಿಗುವುದು ಶಾಲೆ, ಪಂಚಾಯಿತಿ ಕಟ್ಟಡಗಳ ಮೇಲೆ ಮಾತ್ರ. ಆದರೆ ಧೂಳು ಹೆಚ್ಚು ಇರುವುದು ಲಾರಿ ಓಡುವ ರಸ್ತೆಗೆ ತಾಗಿದ ತಾಂಡಾದಲ್ಲಿ. 24 ಗಂಟೆಯ ಸರಾಸರಿಯಲ್ಲಿ ಪಿಎಂ 10 ಎಂಬ ಸಣ್ಣ ಧೂಳುಕಣಗಳು ಘನಮೀಟರಿಗೆ 100 ಮೈಕ್ರೊಗ್ರಾಂ, ಪಿಎಂ 2.5 ಎಂಬ ಇನ್ನೂ ಸಣ್ಣ ಕಣಗಳು 60 ಮೈಕ್ರೊಗ್ರಾಂ ಮೀರಬಾರದು ಎಂಬುದು 2009ರ ರಾಷ್ಟ್ರೀಯ ಮಾನದಂಡ. ಯಂತ್ರವನ್ನು ಎಲ್ಲಿಡುತ್ತೇವೆ ಎಂಬುದರ ಮೇಲೆ ಆ ಅಂಕಿ ಮೀರುವುದೋ ಒಳಗಿರುವುದೋ ನಿರ್ಧಾರವಾಗಿಬಿಡುತ್ತದೆ. ಈ ತಿಂಗಳು ಗಾಳಿ ಹೆಚ್ಚಾಗಿ ಪೂರ್ವದಿಂದ. ಮೇ ಹೊತ್ತಿಗೆ ಪಡುವಣ ಗಾಳಿ ಶುರುವಾದರೆ ಧೂಳು ಬೆಟ್ಟದ ಇನ್ನೊಂದು ಮಗ್ಗುಲಿಗೆ. ಎರಡೂ ಕಡೆ ಯಂತ್ರ ಇರಬೇಕು.

ತಾಂಡಾದಲ್ಲಿ ಹೆಂಗಸರು ಜಗಲಿಯ ಮೇಲೆ ಕಸೂತಿ ಹಾಕುತ್ತಿದ್ದರು. ಸಂಡೂರು ಲಂಬಾಣಿ ಕಸೂತಿಗೆ ಭೌಗೋಳಿಕ ಸೂಚ್ಯಂಕದ ಮಾನ್ಯತೆ ಇದೆ. ಕೆಲಸದ ಬಟ್ಟೆಯನ್ನು ಮಡಿಸಿ ಪ್ಲಾಸ್ಟಿಕ್ ಚೀಲದಲ್ಲಿಟ್ಟುಕೊಂಡು, ಹೊಲಿಯುವ ಮೂಲೆಯನ್ನಷ್ಟೇ ಹೊರಗೆ ಬಿಟ್ಟುಕೊಂಡಿದ್ದರು. ಬಿಳಿ ಬಟ್ಟೆಯ ಕೆಲಸವನ್ನು ಲಾರಿ ಓಡಾಡುವ ಹೊತ್ತಿನಲ್ಲಿ ಮಾಡುವುದಿಲ್ಲವಂತೆ. ಅವರಲ್ಲೊಬ್ಬರು ತಮ್ಮ ಮನೆಯ ಚಾವಣಿಯನ್ನೇ ಯಂತ್ರಕ್ಕೆ ಕೊಡಲು ಒಪ್ಪಿದರು. ವಿದ್ಯುತ್ ಬಿಲ್ಲಿನ ಭಾರ ನಮ್ಮದು ಎಂದು ಕಾಗದದಲ್ಲಿ ಬರೆದುಕೊಟ್ಟೆವು.

ಶನಿವಾರ

ಪಂಚಾಯಿತಿ ಕಟ್ಟೆಯಲ್ಲಿ ಊರಿನವರ ಜತೆ ಕೂತು ನಾವು ಗುರುತಿಸಿದ್ದನ್ನೆಲ್ಲ ದೊಡ್ಡ ನಕ್ಷೆಯ ಮೇಲೆ ತೋರಿಸಿದೆವು. ಎರಡು ಕಡೆ ತಿದ್ದಿಸಿದರು: ಒಂದು ದನದ ದಾರಿ, ಇನ್ನೊಂದು ಗುಡ್ಡದೊಳಗಿನ ಗುಡಿಗೆ ಹೋಗುವ ಕಾಲುದಾರಿ. ಮುಂದಿನ ಹಂತಗಳ ಬಗ್ಗೆ ಬಹಳ ಪ್ರಶ್ನೆಗಳಿದ್ದವು. 2006ರ ಪರಿಸರ ಪರಿಣಾಮ ಅಂದಾಜು ಅಧಿಸೂಚನೆಯಂತೆ ಸಾರ್ವಜನಿಕ ಅಹವಾಲು ಸಭೆಗೆ ಕನಿಷ್ಠ 30 ದಿನ ಮೊದಲು ಪ್ರಕಟಣೆ ಬರಬೇಕು, ವರದಿಯ ಸಾರಾಂಶ ಕನ್ನಡದಲ್ಲಿ ಸಿಗಬೇಕು, ಜಿಲ್ಲಾಧಿಕಾರಿ ಅಥವಾ ಹೆಚ್ಚುವರಿ ಜಿಲ್ಲಾ ದಂಡಾಧಿಕಾರಿಗಿಂತ ಕಡಿಮೆಯಲ್ಲದ ಅವರ ಪ್ರತಿನಿಧಿ ಅಧ್ಯಕ್ಷತೆ ವಹಿಸಬೇಕು, ಸಭೆಯ ವಿಡಿಯೊ ಆಗಬೇಕು. ಇಷ್ಟು ಜನ ಇರಲೇಬೇಕೆಂಬ ಕೋರಂ ಇಲ್ಲ, ಹತ್ತೇ ಜನ ಬಂದರೂ ಸಭೆ ನಡೆದಂತೆಯೇ. ಹೀಗಾಗಿ ದಿನಾಂಕ ಗೊತ್ತಾದ ಕೂಡಲೇ ಕುರಿ ಹೊಡೆದುಕೊಂಡು ಹೋದವರಿಗೂ ಸುದ್ದಿ ಮುಟ್ಟಿಸಿ ಎಂದು ಒತ್ತಿ ಹೇಳಿದೆ. ಅರಣ್ಯ ಹಕ್ಕು ಕಾಯ್ದೆಯ ಅರ್ಜಿಗಳು ಬಾಕಿ ಇದ್ದರೆ ಅದನ್ನು ಗ್ರಾಮಸಭೆಯ ನಡಾವಳಿಯಲ್ಲಿ ಬರೆಸಿ ಎಂದೂ ಹೇಳಿದೆ. ಒಡಿಶಾದ ನಿಯಮಗಿರಿಯಲ್ಲಿ ಬಾಕ್ಸೈಟ್ ಗಣಿಯ ವಿಚಾರದಲ್ಲಿ ಜನರ ಹಕ್ಕುಗಳ ಪ್ರಶ್ನೆಯನ್ನು ಗ್ರಾಮಸಭೆಗಳ ಮುಂದಿಡಬೇಕೆಂದು ಸುಪ್ರೀಂ ಕೋರ್ಟ್ ಹೇಳಿದ್ದೂ 2013ರ ಏಪ್ರಿಲ್ 18ರಂದೇ, ಬಳ್ಳಾರಿಯ ತೀರ್ಪು ಬಂದ ದಿನವೇ.

ಮಧ್ಯಾಹ್ನ ಅಲ್ಲೇ ಕೂತು ನಮ್ಮನ್ನು ಕಳಿಸಿದವರಿಗೆ ಪತ್ರ ಬರೆದೆವು. ಅಧ್ಯಯನ ಒಂದು ಋತುವಿಗೆ ನಿಲ್ಲಬಾರದು. ಸಸ್ಯ, ಮೇವು, ಹಳ್ಳದ ಹರಿವು ಇವುಗಳನ್ನು ಜುಲೈಯಿಂದ ಅಕ್ಟೋಬರ್‌ವರೆಗೆ ಮತ್ತೆ ನೋಡಬೇಕು. ಬಗರ್ ಹುಕುಂ ಹೊಲಗಳಿಗೆ ನಕ್ಷೆಯಲ್ಲಿ ಬೇರೆ ಬಣ್ಣ ಬೇಕು. ಸುತ್ತಲಿನ ಎಲ್ಲ ಗಣಿಗಳ ಧೂಳು, ಹೂಳು, ಲಾರಿ ಓಡಾಟವನ್ನು ಕೂಡಿಸಿಯೇ ಅಂದಾಜು ಮಾಡಬೇಕು. ಒರತೆಯನ್ನು ವರ್ಷವಿಡೀ ತಿಂಗಳಿಗೊಮ್ಮೆ ಅಳೆಯಬೇಕು. ಇದಕ್ಕೆ ಒಪ್ಪಿಗೆ ಇಲ್ಲದಿದ್ದರೆ ನಮ್ಮ ಮೂವರ ಸಹಿ ವರದಿಯಲ್ಲಿ ಇರುವುದಿಲ್ಲ ಎಂದು ಕೊನೆಯ ಸಾಲು ಸೇರಿಸಿದವರು ಸಸ್ಯತಜ್ಞರು. ಒರತೆಯ ಅಳತೆಯ ಹೊಣೆಯನ್ನು ಊರಿನ ಪ್ರೌಢಶಾಲೆಯ ವಿಜ್ಞಾನದ ಮೇಷ್ಟ್ರು ವಹಿಸಿಕೊಂಡಿದ್ದಾರೆ. ಬಕೆಟ್ಟು, ಗಡಿಯಾರ, ಪೆನ್ನು ಅವರ ಬಳಿ ಇವೆ, ಮೊದಲ ಅಳತೆ ಮಾರ್ಚ್ ಎರಡನೆಯ ವಾರಕ್ಕೆ.